ಕಾಲು ಸುತ್ತು

ಭಾವ ಫೋನ್ ಮಾಡಿದ್ದು ಮೀಟರಿನ ಗಂಟಲು ಕಟ್ಟಿದೆ ಎಂದು ಹೇಳಲು.

“ಮೂರು ದಿನ ಆಯ್ತು ಕಣೋ. ಸ್ವಿಚ್ ಹಾಕಿದ್ರೆ ಮೊದಲನೇ ಅಂಕಿ ಬರತ್ತೆ, ಎರಡನೇದೂ ಬರತ್ತೆ. ಮೂರನೇದಕ್ಕೆ ಬಂದು ಟಕಟಕಟಕ ಅಂತ ಅಲ್ಲೇ ಸುತ್ತುತ್ತಾ ಕೂತಿರತ್ತೆ. ನನ್ನ ಕಣ್ಣಿಗೆ ಅದರ ಹಲ್ಲು ಕಾಣಲ್ಲ. ನೀನೇ ಬಂದು ನೋಡಬೇಕು.”

“ಭಾನುವಾರ ಬರ್ತೀನಿ ಭಾವ. ಅಲ್ಲೀವರೆಗೂ ಅದಕ್ಕೆ ಉಪ್ಪುನೀರಲ್ಲಿ ಬಾಯಿ ಮುಕ್ಕಳಿಸೋಕೆ ಹೇಳಿ.”

ಭಾವ ನಗಲಿಲ್ಲ. “ಮೂರು ದಿನದ ರೀಡಿಂಗ್ ಹೋಯ್ತಲ್ಲೋ,” ಎಂದರು, ಮನೆಯಲ್ಲಿ ಮೂರು ದಿನದಿಂದ ಒಲೆ ಹೊತ್ತಿಲ್ಲ ಎನ್ನುವ ದನಿಯಲ್ಲಿ.

ಗಿಳಿ ಫೋನ್ ಇಟ್ಟ. ಅವನಿಗೆ ಗಿಳಿ ಎಂದು ಹೆಸರು ಬಿದ್ದದ್ದು ಕಾರ್ಖಾನೆ ಸೇರಿದ ಮೊದಲ ತಿಂಗಳಲ್ಲೇ. ಯಾರ ದನಿಯಾದರೂ ಒಮ್ಮೆ ಕಿವಿಗೆ ಬಿದ್ದರೆ ಸಾಕು, ಮಾರನೆಯ ದಿನ ಅವನ ಬಾಯಿಂದ ಬರುತ್ತಿತ್ತು. ದೊಡ್ಡ ಸಾಹೇಬರ ಮೂಗಿನ ಇಂಗ್ಲಿಷು, ಕ್ಯಾಂಟೀನಿನವನ ಕೆಮ್ಮು, ಗೇಟಿನ ಕಾವಲುಗಾರ ಮಾಮೂಲಿ ದಿನ ಹೊಡೆಯುವ ಸಲಾಮು ಮತ್ತು ಸಂಬಳದ ದಿನ ಹೊಡೆಯುವ ಸಲಾಮು, ಎಲ್ಲವೂ ಅವನಲ್ಲಿ ಸಿದ್ಧ ಸರಕು. ಈಗ ವಯಸ್ಸು ಅರವತ್ತಾರು. ಪುಕ್ಕ ಉದುರಿದೆ, ಹೆಸರು ಉದುರಿಲ್ಲ.

ಆ ಮೀಟರು ಕಾರ್ಖಾನೆಗೆ ಬಂದ ಮೊಟ್ಟಮೊದಲ ಡಿಜಿಟಲ್ ವೋಲ್ಟ್‌ಮೀಟರು. ಅದಕ್ಕೆ ಮೊದಲು ಪರೀಕ್ಷಾ ಕೊಠಡಿಯಲ್ಲಿದ್ದವೆಲ್ಲ ಮುಳ್ಳಿನ ಮೀಟರುಗಳು. ಮುಳ್ಳು ಎರಡು ಗೆರೆಗಳ ನಡುವೆ ನಿಂತರೆ ಒಂದು ಕಣ್ಣು ಮುಚ್ಚಿ, ಕತ್ತು ಓರೆ ಮಾಡಿ, ಅಂದಾಜಿನಲ್ಲಿ ಹೇಳಬೇಕು. ಇದಕ್ಕೆ ಮುಳ್ಳೇ ಇಲ್ಲ. ಇಬ್ಬರು ಸೇರಿ ಎತ್ತಬೇಕಾದ ಬೂದು ಬಣ್ಣದ ಕಬ್ಬಿಣದ ಪೆಟ್ಟಿಗೆ. ಮುಂಭಾಗದಲ್ಲಿ ನಾಲ್ಕು ಪುಟ್ಟ ಕಿಟಕಿ. ಒಂದೊಂದು ಕಿಟಕಿಯ ಹಿಂದೆಯೂ ಗಾಜಿನಂಥ ಹತ್ತು ತೆಳು ಹಲಗೆ, ಒಂದೊಂದರ ಮೇಲೂ ಕೊರೆದ ಒಂದೊಂದು ಅಂಕಿ. ಯಾವ ಹಲಗೆಯ ಅಂಚಿನ ಬಲ್ಬು ಹೊತ್ತಿಕೊಳ್ಳುತ್ತದೋ ಆ ಅಂಕಿ ಕತ್ತಲೊಳಗಿಂದ ಎದ್ದು ಬಂದು ನಿಲ್ಲುತ್ತದೆ. ಒಳಗೆ ಹಲ್ಲುಚಕ್ರದ ಸ್ವಿಚ್ಚುಗಳು ಹೆಜ್ಜೆ ಹೆಜ್ಜೆಯಾಗಿ ತಿರುಗಿ, ತಮ್ಮಲ್ಲಿರುವ ವೋಲ್ಟೇಜನ್ನು ಹೊರಗಿನದಕ್ಕೆ ಹೋಲಿಸಿ, ಇದಲ್ಲ, ಇದೂ ಅಲ್ಲ, ಹಾಂ ಇದು, ಎಂದು ತೀರ್ಮಾನಕ್ಕೆ ಬರುವಷ್ಟರಲ್ಲಿ ಟೈಪ್‌ರೈಟರೊಂದು ಮೆಟ್ಟಿಲ ಮೇಲಿಂದ ಉರುಳಿಕೊಂಡು ಬಂದಷ್ಟು ಸದ್ದು. ಉಗ್ರಾಣದ ಗುಮಾಸ್ತ ತನ್ನ ರಿಜಿಸ್ಟರಿನಲ್ಲಿ ಅದನ್ನು ‘ಉಲ್ಟಾ ಮೀಟರ್ – ಒಂದು’ ಎಂದು ಬರೆದುಕೊಂಡಿದ್ದ. ಗಿಳಿ ಆ ಸದ್ದನ್ನೂ ಒಂದೇ ವಾರದಲ್ಲಿ ಕಲಿತು, ಊಟದ ಸಾಲಿನಲ್ಲಿ ನಿಂತವರ ಬೆನ್ನಹಿಂದೆ ಟಕಟಕಿಸಿ, ಅವರ ತೂಕ ಹೇಳಿ ನಗಿಸುತ್ತಿದ್ದ.

ಆ ಮೀಟರಿನ ಮುಂದೆ ಕೂರುತ್ತಿದ್ದವರು ಭಾವ, ಎಂದರೆ ಅಕ್ಕನ ಗಂಡ. ಗಿಳಿಗೆ ಅಲ್ಲಿ ಕೆಲಸ ಕೊಡಿಸಿದವರೂ ಅವರೇ. ಕಾರ್ಖಾನೆಯಲ್ಲಿ ತಯಾರಾಗುತ್ತಿದ್ದದ್ದು ಔಷಧ ತೂಗುವ ಸೂಕ್ಷ್ಮ ತಕ್ಕಡಿಗಳಿಗೆ ಕರೆಂಟು ಕೊಡುವ ಡಬ್ಬಗಳು. ಒಂದೊಂದು ಡಬ್ಬವೂ ಕರಾರುವಾಕ್ಕಾಗಿ ಎಂಟು ವೋಲ್ಟ್ ಕೊಡಬೇಕು. ಭಾವ ಮೀಟರ್ ನೋಡುತ್ತಾ ಡಬ್ಬವನ್ನು ಎಂಟಕ್ಕೆ ಹೊಂದಿಸಿ, ಪುಸ್ತಕದಲ್ಲಿ ಬರೆದು, ಸಹಿ ಹಾಕಿ, ಮುಂದಿನದಕ್ಕೆ ಕೈ ಚಾಚುತ್ತಿದ್ದರು. ಆದರೆ ಮೀಟರಿಗೊಂದು ಸಣ್ಣ ಕಾಯಿಲೆ ಇತ್ತು. ಎಂಟು ವೋಲ್ಟಿನ ಆಸುಪಾಸಿನಲ್ಲಿ ಕೊನೆಯ ಅಂಕಿಯನ್ನು ನಾಲ್ಕು ಹೆಚ್ಚಿಗೆ ತೋರಿಸುತ್ತಿತ್ತು. ಮಾರಿದ ಕಂಪನಿಯ ಇಂಜಿನಿಯರು ಬಂದು ಸರಿಪಡಿಸುವ ತನಕ ಇರಲಿ ಎಂದು ದೊಡ್ಡ ಸಾಹೇಬರು ಅದರ ಹಣೆಗೊಂದು ಚೀಟಿ ಅಂಟಿಸಿದ್ದರು: ‘ಕೊನೆಯ ಅಂಕಿಯಲ್ಲಿ ನಾಲ್ಕು ಕಳೆದು ಬರೆಯಿರಿ.’ ಇಂಜಿನಿಯರು ಬರಲೇ ಇಲ್ಲ. ಭಾವ ದಿನವೆಲ್ಲ ನಾಲ್ಕು ಕಳೆದರು, ವರ್ಷವೆಲ್ಲ ನಾಲ್ಕು ಕಳೆದರು.

“ಭಾವ, ನಾಳೆ ಮೀಟರಿಗೆ ತಾನಾಗೇ ವಾಸಿಯಾದ್ರೂ ನೀವು ನಾಲ್ಕು ಕಳೀತಾನೇ ಇರ್ತೀರ,” ಎಂದಿದ್ದ ಗಿಳಿ ಒಂದು ದಿನ.

“ಚೀಟಿ ಇರೋವರೆಗೂ ಕಳೀತೀನಿ. ಚೀಟಿ ಸಾಹೇಬರದ್ದು.”

“ಮೀಟರು?”

“ಮೀಟರು ಕಂಪನಿದು. ಕಣ್ಣು ಮಾತ್ರ ನಂದು. ನಿಂಗೇನು ಕೆಲಸ ಇಲ್ವಾ?”

ಗಿಳಿಗೆ ಕೆಲಸ ಸಿಕ್ಕಿತು. ಮಾರನೆಯ ದಿನ ಎಲ್ಲರೂ ಊಟಕ್ಕೆ ಹೋದಾಗ ಮೀಟರಿನ ಮುಚ್ಚಳ ತೆಗೆದ. ಒಳಗೆ, ಬಲಗಡೆ ಗೋಡೆಗೆ, ಅಳತೆಗೆಲ್ಲ ಆಧಾರವಾದ ವೋಲ್ಟೇಜನ್ನು ಹೊಂದಿಸುವ ಹಿತ್ತಾಳೆಯ ತಿರುಪೊಂದಿತ್ತು. ಅದು ಅಲುಗದಿರಲಿ ಎಂದು ಅದರ ತಲೆಗೆ ಕೆಂಪು ನೇಲ್ ಪಾಲಿಶ್ ಹಚ್ಚಿಡುವುದು ಆ ಕೊಠಡಿಯ ರೂಢಿ. (ಆರು ಜನ ಗಂಡಸರಿರುವ ಕೊಠಡಿಗೆ ವರ್ಷಕ್ಕೆ ಎರಡು ಶೀಶೆ ನೇಲ್ ಪಾಲಿಶ್ ಯಾಕೆ ಎಂದು ಆಫೀಸಿನಿಂದ ಪ್ರತಿ ವರ್ಷವೂ ತಪ್ಪದೆ ಕಾಗದ ಬರುತ್ತಿತ್ತು.) ಗಿಳಿ ಆ ಬಣ್ಣವನ್ನು ಉಗುರಿನಿಂದ ಎಬ್ಬಿಸಿ, ತಿರುಪನ್ನು ಕಾಲು ಸುತ್ತು ತಿರುಗಿಸಿದ. ನಾಲ್ಕು ಹೋಯಿತು. ಮೀಟರು ಹುಟ್ಟಿದಾಗಿನಿಂದ ಮೊದಲ ಸಲ ಸತ್ಯ ನುಡಿಯಿತು. ಚೀಟಿ ಮಾತ್ರ ಹಣೆಯ ಮೇಲೆ ಹಾಗೇ ಇತ್ತು.

ಎರಡು ದಿನದ ಮಟ್ಟಿಗಿನ ತಮಾಷೆ ಅದು. ಎರಡು ದಿನ ಭಾವ ಸರಿಯಾದ ಅಂಕಿಯಿಂದ ನಾಲ್ಕು ಕಳೆಯಲಿ, ಮೂರನೆಯ ದಿನ ಎಲ್ಲರೆದುರು ದೊಡ್ಡ ಸಾಹೇಬರ ದನಿಯಲ್ಲಿ ಗುಟ್ಟು ಬಿಡಬೇಕು ಎಂದುಕೊಂಡಿದ್ದ. ಮೂರನೆಯ ದಿನ ಅವನಿಗೆ ಜ್ವರ ಬಂತು. ಅಂತಿಂಥ ಜ್ವರವಲ್ಲ, ಹದಿನೆಂಟು ದಿನದ ಜ್ವರ. ಗಂಜಿ ಹಿಡಿದು ಬಂದ ಅಕ್ಕನನ್ನೇ ಯಾರು ನೀವು ಎಂದು ಕೇಳಿದ ಜ್ವರ. ಎದ್ದು ಕೆಲಸಕ್ಕೆ ಹೋದಾಗ ಕೊಠಡಿಯ ತುಂಬ ಡಬ್ಬಗಳ ರಾಶಿ. ಔಷಧದ ಕಂಪನಿಯಿಂದ ಅರವತ್ತು ಡಬ್ಬ ವಾಪಸ್ ಬಂದಿತ್ತು. ಅರವತ್ತೂ ನಾಲ್ಕು ಹೆಚ್ಚಿಗೆ. ಮಾರನೆಯ ಬೆಳಿಗ್ಗೆ ಹತ್ತಕ್ಕೆ ವಿಚಾರಣೆ.

ವಿಚಾರಣೆಯ ಬೆಳಿಗ್ಗೆ ಗಿಳಿ ಎಂಟು ಗಂಟೆಗೇ ಹೋದ. ಮೀಟರು ಮೊದಲಿದ್ದಂತಾದರೆ ಎಲ್ಲವೂ ಮೊದಲಿದ್ದಂತಾಗುತ್ತದೆ ಎಂದು, ಜ್ವರ ಬಿಟ್ಟ ತಲೆಗೋ ಹೆದರಿದ ತಲೆಗೋ, ಅನ್ನಿಸಿತ್ತು. ತಿರುಪನ್ನು ಕಾಲು ಸುತ್ತು ಹಿಂದಕ್ಕೆ ತಿರುಗಿಸಿದ. ಮೇಲೆ ಹೊಸದಾಗಿ ಕೆಂಪು ಹಚ್ಚಿದ. ಅದು ಒಣಗಲಿ ಎಂದು ಊದಿದ ಕೂಡ.

ಹತ್ತಕ್ಕೆ ದೊಡ್ಡ ಸಾಹೇಬರು ಬಂದು ಪರೀಕ್ಷಿಸಿದರು. ಮೀಟರು ಎಂದಿನಂತೆ ನಾಲ್ಕು ಹೆಚ್ಚಿಗೆ ತೋರಿಸಿತು. ಚೀಟಿ ಸರಿಯಾಗಿದೆ. ಹಾಗಾದರೆ ಡಬ್ಬಗಳು ಹೆಚ್ಚಿಗೆ ಹೇಗಾದವು? ನಾಲ್ಕು ಕಳೆಯಬೇಕಾದ ಕಡೆ ಎರಡು ಸಲ ನಾಲ್ಕು ಕಳೆದಿದ್ದಾರೆ, ಚೀಟಿ ನೋಡಿ ಒಂದು ಸಲ, ಅಭ್ಯಾಸಬಲದಿಂದ ಇನ್ನೊಂದು ಸಲ. “ಇಲ್ಲ ಸಾರ್, ಆ ದಿನಗಳಲ್ಲಿ ಮೀಟರೇ ಬದಲಾಗಿತ್ತು, ಈಗ ಮತ್ತೆ ಮೊದಲಿನಂಗೆ ಆಗಿದೆ,” ಎಂದರು ಭಾವ. ಕಾಯಿಲೆ ವಾಸಿಮಾಡಿಕೊಂಡು, ವಿಚಾರಣೆಯ ದಿನ ನೋಡಿಕೊಂಡು ಮತ್ತೆ ಕಾಯಿಲೆ ಬೀಳುವ ಮೀಟರು! ಯಾರೋ ಕಿಸಕ್ಕೆಂದರು. ಗಿಳಿ ಮೂರನೆಯ ಸಾಲಿನಲ್ಲಿ ನಿಂತಿದ್ದ. ಎಲ್ಲರ ದನಿಯೂ ಬಲ್ಲವನ ಗಂಟಲಿಂದ ಅಂದು ಯಾವ ದನಿಯೂ ಹೊರಡಲಿಲ್ಲ.

ಭಾವನನ್ನು ಪ್ಯಾಕಿಂಗಿಗೆ ಹಾಕಿದರು. ಮುಂದಿನ ಹದಿನಾಲ್ಕು ವರ್ಷ, ಕಾರ್ಖಾನೆ ಬಾಗಿಲು ಮುಚ್ಚುವ ತನಕ, ಅವರು ರಟ್ಟಿನ ಪೆಟ್ಟಿಗೆಗಳಿಗೆ ‘ಈ ಬದಿ ಮೇಲೆ’ ಎಂಬ ಬಾಣದ ಚೀಟಿ ಅಂಟಿಸಿದರು. ಅವರಿಗೆ ‘ಡಬಲ್’ ಎಂದು ಹೆಸರಾಯಿತು. ಮೀಟರಿನ ಮುಂದಿನ ಕುರ್ಚಿ ಖಾಲಿ ಇರಲು ಆಗುವುದಿಲ್ಲವಲ್ಲ, ಅದು ಗಿಳಿಗೆ ಬಂತು. ಕ್ಯಾಂಟೀನಿನಲ್ಲಿ ಹುಡುಗರು ಒಮ್ಮೆ ಬಲವಂತ ಮಾಡಿದಾಗ, ಭಾವ ಕನ್ನಡಕ ಏರಿಸಿ ನಾಲ್ಕು ಕಳೆದು, ಸಹಿ ಹಾಕಿ, ಅನುಮಾನ ಬಂದು ಮತ್ತೆ ನಾಲ್ಕು ಕಳೆಯುವುದನ್ನು ಅವನು ಮಾಡಿ ತೋರಿಸಿದ್ದೂ ಉಂಟು. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದರು. ಮುಳ್ಳಿಲ್ಲದ ಆ ಮೀಟರು ಅವನಿಗೆ ಚುಚ್ಚಿದಷ್ಟು ಯಾವ ಮುಳ್ಳೂ ಚುಚ್ಚಿರಲಿಲ್ಲ.

ಕಾರ್ಖಾನೆ ಮುಚ್ಚಿ ಸಾಮಾನೆಲ್ಲ ಗುಜರಿಗೆ ಹೋಗುವಾಗ ಭಾವ ಆ ಮೀಟರನ್ನು ಕೇಳಿ ತಂದು ಮನೆಯ ಮಹಡಿಯ ಕೋಣೆಯಲ್ಲಿಟ್ಟುಕೊಂಡರು. ಜೊತೆಗೆ ಮೀಟರುಗಳನ್ನು ತಾಳೆ ನೋಡಲೆಂದೇ ಮಾಡಿದ ಎಂಟು ಸ್ಟ್ಯಾಂಡರ್ಡ್ ಸೆಲ್‌ಗಳಿದ್ದ ಒಂದು ಮರದ ಪೆಟ್ಟಿಗೆ. ಆ ಸೆಲ್‌ಗಳು ಹಟದ ಜಾತಿ. ಮಲಗಿಸಬಾರದು, ಅಲುಗಿಸಬಾರದು, ಹಾಗೆ ನೋಡಿಕೊಂಡರೆ ಎಷ್ಟು ವರ್ಷವಾದರೂ ಅದೇ ವೋಲ್ಟೇಜು. ಎಂಟೂ ಸೇರಿದರೆ 8.149. ಮೀಟರು ನಾಲ್ಕು ಸೇರಿಸಿ 8.153 ಎನ್ನುತ್ತಿತ್ತು. ಭಾವ ದಿನಾ ಬೆಳಿಗ್ಗೆ ಒಂಬತ್ತಕ್ಕೆ ಮೀಟರ್ ಹಾಕಿ, ಹತ್ತು ನಿಮಿಷ ಬಿಸಿಯಾಗಲು ಬಿಟ್ಟು, ಓದಿ, ಬರೆದರು. ಇಪ್ಪತ್ತನಾಲ್ಕು ವರ್ಷ ಬರೆದರು. ಅವರ ಲೆಕ್ಕದಲ್ಲಿ ಮೀಟರು ಒಮ್ಮೆ ತಾನಾಗಿ ನಾಲ್ಕು ಜಿಗಿದಿತ್ತು. ಇನ್ನೊಮ್ಮೆ ಜಿಗಿಯದೆ ಇರುವುದಿಲ್ಲ. ಆ ದಿನ ಅದು ಪುಸ್ತಕದಲ್ಲಿ ದಾಖಲಾಗಬೇಕು. ಅಷ್ಟೇ ಅವರಿಗೆ ಬೇಕಿದ್ದದ್ದು.

ಭಾನುವಾರ ಗಿಳಿ ತನ್ನ ಹಳೆಯ ಚರ್ಮದ ಚೀಲ ಹಿಡಿದು ಮೆಟ್ಟಿಲು ಹತ್ತಿದ. ಕೋಣೆಯಲ್ಲಿ ಬಿಸಿಯಾದ ಧೂಳಿನ ವಾಸನೆ. ಗೋಡೆಯ ಕಪಾಟಿನಲ್ಲಿ ಬೆನ್ನಿಗೆ ವರ್ಷ ಬರೆದ ಇಪ್ಪತ್ತನಾಲ್ಕು ನೋಟ್‌ಬುಕ್ಕು. ಭಾವ ಬಾಗಿಲಿಗೇ ಬಂದು, ಎದುರಿಗಿದ್ದವನನ್ನು ಕಣ್ಣ ಓರೆಯಿಂದ ನೋಡಿದರು. ನೇರಕ್ಕೆ ನೋಡಿದರೆ ನಡುವೆ ಮಸುಕು, ಅಂಚು ಮಾತ್ರ ಕಾಣುತ್ತದಂತೆ.

“ಬಂದ್ಯಾ? ಮುಚ್ಚಳ ತೆಗೆದು ನೋಡ್ತಿರು, ನಾನು ಸ್ನಾನ ಮಾಡಿ ಬಂದ್ಬಿಡ್ತೀನಿ. ನಿಮ್ಮಕ್ಕ ಟಾರ್ಚ್ ಹಿಡೀತಾಳೆ.”

ಅಕ್ಕ ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಬಂದಳು. ಗಿಳಿ ಎಂಟು ತಿರುಪು ಬಿಚ್ಚಿ ಮುಚ್ಚಳ ಎತ್ತಿದ. ಮೂರನೆಯ ಸ್ವಿಚ್ಚಿಗೆ ಹಾಕಿದ್ದ ಎಣ್ಣೆ ಗಟ್ಟಿಯಾಗಿ ಅಂಟಿನಂತಾಗಿತ್ತು. ಸ್ಪಿರಿಟ್ಟಿನಲ್ಲಿ ಹತ್ತಿ ಅದ್ದಿ ಒಂದೊಂದೇ ಹಲ್ಲು ಒರೆಸತೊಡಗಿದ.

“ಟಾರ್ಚ್ ಇಲ್ಲಿ ಹಿಡಿ ಅಕ್ಕ. ನನ್ನ ಬೋಳುತಲೆಗಲ್ಲ.”

“ಅಲ್ಲೇ ಜಾಸ್ತಿ ಬೆಳಕು ಬರತ್ತೆ, ಅದಕ್ಕೆ ಹಿಡಿದೆ,” ಎಂದಳು ಅಕ್ಕ. ಕೆಳಗೆ ನೀರು ಸುರಿಯುವ ಸದ್ದು ಕೇಳಿದ ಮೇಲೆ ದನಿ ತಗ್ಗಿಸಿದಳು. “ಕಣ್ಣಿನ ಡಾಕ್ಟರು ಇನ್ನು ಆರು ತಿಂಗಳು ಅಂದ್ರು. ಆಮೇಲೆ ಅಂಕಿ ಗಿಂಕಿ ಓದೋಕಾಗಲ್ಲ.”

“ನಾನು ಬಂದು ಓದಿ ಹೇಳ್ತೀನಿ ಬಿಡು.”

“ಓದೋದಲ್ವೋ ಪ್ರಶ್ನೆ. ಆರು ತಿಂಗಳೊಳಗೆ ಅದು ಜಿಗೀಬೇಕು ಅಂತ ಕೂತಿದ್ದಾರೆ. ಮೊನ್ನೆ ಇದು ನಿಂತಾಗಿಂದ ಊಟ ಅರ್ಧ ಬಿಡ್ತಾರೆ. ಜಿಗಿಯಲ್ಲ ಅಂತ ನನಗೆ ಗೊತ್ತು. ಇವರೇ ಎರಡ್ಸಲ ಕಳೆದಿದ್ದು. ಮನುಷ್ಯ ಅಂದ ಮೇಲೆ ಆಗತ್ತೆ, ನಾನೇನು ಅದಕ್ಕೆ ಬೇಜಾರು ಮಾಡ್ಕೊಂಡಿಲ್ಲ. ಆದ್ರೆ ಇವರು ಒಪ್ಕೊಳ್ಳಲಿಲ್ಲ ನೋಡು. ಕೊನೆಗೆ ನಾನೇ ಕೂರಿಸಿ, ‘ನನ್ನ ಅಜಾಗರೂಕತೆಯಿಂದ’ ಅಂತ ಬರೆಸಿ ಸಹಿ ಹಾಕಿಸಿದೆ. ಹಾಕದೇ ಹೋಗಿದ್ರೆ ಕೆಲಸಾನೇ ಹೋಗ್ತಿತ್ತು. ಆ ಕಾಗದ ಹಿಡಿದು ನನ್ನ ಮುಖ ಹೆಂಗೆ ನೋಡಿದ್ರು ಗೊತ್ತಾ?”

ಗಿಳಿ ಹಲ್ಲು ಒರೆಸುತ್ತಲೇ ಇದ್ದ. ಆ ಹಲ್ಲು ಆಗಲೇ ಫಳಫಳ ಎನ್ನುತ್ತಿತ್ತು.

“ಒಂದೇ ಒಂದ್ಸಲ ಹಾಳಾದ್ದು ಜಿಗಿದುಬಿಟ್ಟಿದ್ರೆ ಸಾಕಿತ್ತು,” ಎಂದಳು ಅಕ್ಕ. “ಸುಳ್ಳೋ ನಿಜವೋ. ನೆಮ್ಮದಿಯಾಗಿ ಕಣ್ಣು ಮುಚ್ಕೊಳ್ಳೋರು.” ತಾನಂದ ಮಾತು ತನಗೇ ಸರಿ ಕಾಣದೆ, “ಅಂದ್ರೆ, ಓದೋದು ಬಿಡೋರು,” ಎಂದು ತಿದ್ದಿಕೊಂಡು, ಟಾರ್ಚನ್ನು ನೋಟ್‌ಬುಕ್ಕುಗಳ ಮೇಲೆ ಆನಿಸಿಟ್ಟು, ಒಲೆ ನೋಡಲು ಇಳಿದು ಹೋದಳು.

ಕೋಣೆಯಲ್ಲಿ ಗಿಳಿ ಒಬ್ಬನೇ ಉಳಿದ. ಮೀಟರಿನ ಒಳಗೆ ಬಲಗಡೆ ಗೋಡೆಗೆ ಟಾರ್ಚಿನ ಬೆಳಕು ಬಿದ್ದಿತ್ತು. ಅವನು ಊದಿ ಒಣಗಿಸಿದ್ದ ಕೆಂಪು ಕಪ್ಪಗಾಗಿತ್ತು, ಹಳೆಯ ಗಾಯದ ಹಕ್ಕಳೆಯ ಹಾಗೆ. ಎಷ್ಟೋ ಭಾನುವಾರ ಅವನು ಈ ಮನೆಗೆ ಬರುವಾಗ ದಾರಿಯುದ್ದಕ್ಕೂ ವಾಕ್ಯ ಕೂಡಿಸಿಕೊಂಡು ಬಂದದ್ದುಂಟು. ‘ಭಾವ, ನಿಮ್ಮ ಹತ್ರ ಒಂದು ಮಾತು.’ ಬಾಗಿಲು ತೆರೆದೊಡನೆ ಅಕ್ಕ ‘ಬಂತು ನೋಡು ಗಿಳಿ’ ಎನ್ನುವಳು, ಅವನು ಯಾರದಾದರೂ ದನಿ ತೆಗೆಯುವನು, ವಾಕ್ಯ ಚಪ್ಪಲಿಯ ಜೊತೆ ಹೊರಗೇ ಉಳಿಯುವುದು. ಹೇಳಿದರೆ ಭಾವನ ಹೆಸರು ಉಳಿದೀತು. ತಿರುಗಿಸಿದರೂ ಭಾವನ ಹೆಸರು ಉಳಿದೀತು, ತನ್ನದೂ ಉಳಿದೀತು. ಎರಡನೆಯದು ಎಷ್ಟು ಸುಲಭವಾಗಿ ಕಂಡಿತೆಂದರೆ, ಅದು ದಯೆಯೇ ಇರಬೇಕು ಎಂದು ಅವನು ನಂಬಿದ.

ಉಗುರಿಗೆ ಕೆಂಪು ಸುಲಭವಾಗಿ ಎದ್ದು ಬಂತು. ಸ್ಕ್ರೂಡ್ರೈವರ್ ಇಟ್ಟ. ಎಷ್ಟು ತಿರುಗಿಸಬೇಕೆಂದು ಯೋಚಿಸಬೇಕಾಗಲಿಲ್ಲ, ಕೈಗೆ ನೆನಪಿತ್ತು.

ಭಾವ ಒದ್ದೆ ತಲೆ ಬಾಚಿಕೊಂಡು, ತೊಳೆದ ಅಂಗಿ ಹಾಕಿ ಬಂದರು. ಮುಚ್ಚಳ ಹಾಕಿ ಆಗಿತ್ತು. ಸ್ವಿಚ್ ಹಾಕಿ ಹತ್ತು ನಿಮಿಷ ಇಬ್ಬರೂ ಗಡಿಯಾರ ನೋಡುತ್ತಾ ಕೂತರು. ಭಾವ ನೋಟ್‌ಬುಕ್ಕು ತೆರೆದು, ಭೂತಗನ್ನಡಿ ಹಿಡಿದು, ತಾರೀಖು ಬರೆದು, ಗೆರೆ ಎಳೆದು, “ಹ್ಞೂಂ, ಓದು,” ಎಂದರು.

ಮೀಟರು ಟಕಟಕಿಸಿತು. ಮೂರನೆಯ ಅಂಕಿ ಈ ಸಲ ತಡವರಿಸಲಿಲ್ಲ.

“ಎಂಟು ಪಾಯಿಂಟ್ ಒಂದು, ನಾಲ್ಕು, ಒಂಬತ್ತು.”

ಭಾವನ ಪೆನ್ನು ಅರ್ಧಕ್ಕೆ ನಿಂತಿತು. “ಎಷ್ಟು?”

“ಎಂಟು ಪಾಯಿಂಟ್ ಒಂದು ನಾಲ್ಕು ಒಂಬತ್ತು, ಭಾವ.”

ಅವರು ಎದ್ದ ರಭಸಕ್ಕೆ ಕುರ್ಚಿ ಹಿಂದಕ್ಕೆ ಬಿತ್ತು. ಕಿಟಕಿಗೆ ಮೂಗು ತಾಗುವಷ್ಟು ಹತ್ತಿರ ಹೋಗಿ, ಮುಖವನ್ನು ಆ ಕಡೆಗೊಮ್ಮೆ ಈ ಕಡೆಗೊಮ್ಮೆ ಓರೆ ಮಾಡಿ, ಭೂತಗನ್ನಡಿಯಲ್ಲಿ ಒಂದೊಂದೇ ಅಂಕಿ ಹಿಡಿದರು. ಉಸಿರಿಗೆ ಗಾಜು ಮಂಜಾಯಿತು, ಅಂಗಿಯ ತೋಳಿನಿಂದ ಒರೆಸಿದರು. “ಬಂತು,” ಎಂದರು ಮೆಲ್ಲಗೆ. ಆಮೇಲೆ ಜೋರಾಗಿ, “ಬಂತು ಕಣೋ! ನಾನು ಹೇಳಿರಲಿಲ್ವಾ? ಎಲ್ರಿಗೂ ಹೇಳಿರಲಿಲ್ವಾ?” ಎಂದು ಗಿಳಿಯ ಭುಜ ಹಿಡಿದು ಅಲುಗಿಸಿದರು. ಮೆಟ್ಟಿಲ ಬಳಿ ಹೋಗಿ ಕೂಗಿದರು: “ಏ, ಮೇಲೆ ಬಾರೇ! ಬೇಗ ಬಾ!”

“ಒಲೆ ಮೇಲೆ ಇಟ್ಟಿದ್ದೀನ್ರೀ! ಐದು ನಿಮಿಷ!”

“ಐದು ನಿಮಿಷವಂತೆ,” ಎಂದು ಭಾವ ನಕ್ಕರು. ಗಿಳಿ ಅವರು ಹಾಗೆ ನಕ್ಕದ್ದನ್ನು ನೋಡಿ ಎಷ್ಟು ಕಾಲವಾಗಿತ್ತೆಂದರೆ, ಮೇಲಿನ ಒಂದು ಹಲ್ಲು ಬಿದ್ದುಹೋಗಿರುವುದು ಅವನಿಗೆ ಈಗಲೇ ಗೊತ್ತಾದದ್ದು. ಸರಿ ಮಾಡಿದೆ ಎಂದುಕೊಂಡ. ಎದೆ ಹಗುರಾಯಿತು.

“ಅವಳು ಬರೋಷ್ಟರಲ್ಲಿ ಸಾಕ್ಷಿ ಗಟ್ಟಿ ಮಾಡ್ಕೊಳ್ಳೋಣ,” ಎಂದರು ಭಾವ, ಕುರ್ಚಿ ಎತ್ತಿ ಕೂರುತ್ತಾ. “ವೈರು ನಾಲ್ಕನೇ ಸೆಲ್ಲಿಗೆ ಹಾಕು, ನಾಲ್ಕೇ ಸೆಲ್ಲು ಲೆಕ್ಕಕ್ಕೆ ಬರ್ಲಿ. ದಿನಾ ಅದು 4.076 ತೋರಿಸತ್ತೆ.”

“4.074.”

“ಎರಡು ಇಳೀತು. ಎರಡನೇ ಸೆಲ್ಲಿಗೆ? ಅದು 2.038.”

“2.037.”

“ಒಂದು ಇಳೀತು.” ಭಾವ ಬರೆದರು. ನಾಲ್ಕು, ಎರಡು, ಒಂದು. ಅದರ ಕೆಳಗೆ ಗೆರೆ ಎಳೆಯಲು ಹೋದ ಕೈ ನಿಂತಿತು. ಅವರು ಆ ಮೂರು ಅಂಕಿಗಳನ್ನು ತುಂಬ ಹೊತ್ತು ಓರೆಗಣ್ಣಿನಿಂದ ನೋಡಿದರು. ನಗು ಇನ್ನೂ ಮುಖದ ಮೇಲಿತ್ತು, ಆದರೆ ಎತ್ತಿಡಲು ಮರೆತ ಸಾಮಾನಿನಂತೆ.

“ಸ್ವಿಚ್ಚಿನ ಹಲ್ಲು ತಪ್ಪಿದ್ರೆ ಒಂದು ಕಡೆ ಮಾತ್ರ ತಪ್ಪಬೇಕು,” ಎಂದರು, ತಮಗೆ ತಾವೇ ಪಾಠ ಒಪ್ಪಿಸುವಂತೆ. “ಇಲ್ಲಿ ಎಲ್ಲ ಕಡೆ ಒಂದೇ ಅಳತೇಲಿ ಇಳಿದಿದೆ. ಅಂದ್ರೆ ಆಧಾರಾನೇ ಸರಿದಿದೆ. ಇಪ್ಪತ್ನಾಲ್ಕು ವರ್ಷದಲ್ಲಿ ಅದು ಒಂದಂಕಿ ಮೇಲೆ ಅಲ್ಲಾಡಿದ್ದಿಲ್ಲ.” ಭೂತಗನ್ನಡಿ ಪಕ್ಕಕ್ಕಿಟ್ಟು, “ಮುಚ್ಚಳ ತೆಗಿ.”

“ಭಾವ, ಈಗಷ್ಟೇ ಹಾಕಿದೀನಿ...”

“ತೆಗಿಯೋ.”

ಗಿಳಿ ತೆಗೆದ. ಭಾವ ಒಳಗೆ ಕೈ ಹಾಕಿ, ನೋಡದೆಯೇ, ಬಲಗಡೆ ಗೋಡೆಯ ಮೇಲೆ ತಡವುತ್ತಾ ತಿರುಪಿನ ತಲೆ ಮುಟ್ಟಿದರು. ಬೆರಳು ಹೊರಗೆ ತಂದಾಗ ಅದರ ತುದಿಯಲ್ಲಿ ಕಪ್ಪುಗೆಂಪಿನ ಒಂದು ಚೂರು ಅಂಟಿತ್ತು. ಅದನ್ನು ಹೆಬ್ಬೆರಳಿನಿಂದ ಉಜ್ಜಿದರು.

“ಮೂರೋ ಐದೋ ಆಗಿದ್ರೆ ನಂಬಿಬಿಡ್ತಿದ್ದೆ,” ಎಂದರು. “ಅಳೆದಿಟ್ಟ ಹಾಗೆ ನಾಲ್ಕು. ಮೀಟರಿಗೆ ಹೇಗೋ ಗೊತ್ತಾಗತ್ತೆ ನಂಗೆ ನಾಲ್ಕೇ ಬೇಕು ಅಂತ?”

ಗಿಳಿ ಸ್ಕ್ರೂಡ್ರೈವರನ್ನು ಕೆಳಗಿಟ್ಟ.

“ಅಕ್ಕ ಹೇಳಿದ್ಲಾ, ಮಾಡು ಅಂತ?”

“ಇಲ್ಲ ಭಾವ. ನಾನೇ. ನಿಮಗೆ ಸಮಾಧಾನ ಆಗ್ಲಿ ಅಂತ.”

“ಮುಚ್ಚಳ ತೆಗೆದು ಮುಚ್ಚೋಷ್ಟರಲ್ಲಿ, ಒಂದೇ ಸಲಕ್ಕೆ, ಸರಿಯಾಗಿ ನಾಲ್ಕು? ಹೆಚ್ಚೂ ಇಲ್ಲ, ಕಮ್ಮೀನೂ ಇಲ್ಲ? ಹೊಸಬನಾಗಿದ್ರೆ ಹತ್ತು ಸಲ ಹಿಂದೆ ಮುಂದೆ ಮಾಡ್ಬೇಕಾಗಿತ್ತು. ಟಕಟಕ ಸದ್ದು ಸ್ನಾನದ ಮನೇಗೂ ಕೇಳತ್ತೆ. ಒಂದ್ಸಲಾನೂ ಕೇಳಲಿಲ್ಲ ನಂಗೆ.” ಅವರು ಮುಖವನ್ನು ಓರೆ ಮಾಡಿ ಗಿಳಿಯನ್ನು ದೃಷ್ಟಿಯ ಅಂಚಿಗೆ ತಂದುಕೊಂಡರು. “ಎಷ್ಟು ತಿರುಗಿಸ್ಬೇಕು ಅಂತ ನಿಂಗೆ ಮೊದಲೇ ಗೊತ್ತಿತ್ತು.”

ಕೆಳಗೆ ಪಾತ್ರೆಯ ಮುಚ್ಚಳ ಬಿದ್ದು ಗಿರಗಿರ ತಿರುಗಿ ನಿಂತಿತು.

“ಎಷ್ಟು?” ಎಂದರು ಭಾವ.

“ಕಾಲು ಸುತ್ತು.”

“ಕಾಲು ಸುತ್ತು.” ಅವರು ಗಾಳಿಯಲ್ಲಿ ಬೆರಳಿನಿಂದ ತಿರುಗಿಸಿ ನೋಡಿದರು, ಅದು ಎಷ್ಟು ಸಣ್ಣದು ಎಂದು ಅಳೆಯುವಂತೆ. “ಯಾಕೋ?”

ಮೂವತ್ತೆಂಟು ವರ್ಷ ಆ ಪ್ರಶ್ನೆಗೆ ಗಿಳಿ ಬಗೆಬಗೆಯ ಉತ್ತರ ಕಟ್ಟಿಟ್ಟುಕೊಂಡಿದ್ದ. ಬಾಯಿಗೆ ಬಂದದ್ದು ಒಂದೇ ಪದ.

“ತಮಾಷೆಗೆ.”

ಅವನು ಉಳಿದದ್ದನ್ನೂ ಹೇಳಿದ. ಜ್ವರ, ಎಂಟು ಗಂಟೆಯ ಬೆಳಿಗ್ಗೆ, ಹಿಂದಕ್ಕೆ ತಿರುಗಿಸಿದ್ದು, ಊದಿ ಒಣಗಿಸಿದ್ದು. ಅಳತೆಯ ಕೆಲಸದವನು ಅಳತೆಯಿಲ್ಲದೆ ಅತ್ತ. ಭಾವ ಕಪಾಟಿನತ್ತ ಮುಖ ಮಾಡಿ ಕೂತಿದ್ದರು.

“ಅಕ್ಕನಿಗೂ ಹೇಳ್ತೀನಿ,” ಎಂದ ಗಿಳಿ. “ಈಗ್ಲೇ ಹೇಳ್ಬಿಡ್ತೀನಿ ಭಾವ. ಅವಳು ಮೇಲೆ ಬರ್ಲಿ.”

“ಬೇಡ.”

“ನೀವು ತಪ್ಪು ಮಾಡಿಲ್ಲ ಅಂತ ಅವಳಿಗೆ...”

“ಅವಳೇ ಕೂರಿಸಿ ಸಹಿ ಹಾಕಿಸಿದ್ದು. ‘ನನ್ನ ಅಜಾಗರೂಕತೆಯಿಂದ’ ಅನ್ನೋದು ಅವಳ ಮಾತೇ. ನಾನು ಹಟ ಹಿಡಿದಾಗ ಎರಡು ದಿನ ನನ್ನ ಜೊತೆ ಮಾತು ಬಿಟ್ಟಿದ್ಲು. ಈಗ ಹೋಗಿ, ನೀನು ಸುಳ್ಳಿಗೆ ಸಹಿ ಹಾಕಿಸ್ದೆ ಕಣೇ, ನಿನ್ನ ತಮ್ಮನ ತಮಾಷೆಗೆ, ಅಂತ ಹೇಳ್ತೀಯಾ? ಎಪ್ಪತ್ತು ದಾಟಿದೋಳಿಗೆ?” ಭಾವ ತಲೆ ಅಲ್ಲಾಡಿಸಿದರು. “ನಿಂಗೆ ಹಗುರಾಗತ್ತೆ. ಅವಳು ಉಳಿಯಲ್ಲ. ಸುಮ್ನಿರು. ಅದು ನಿಂಗೆ ಅಭ್ಯಾಸ ಇದೆಯಲ್ಲ.”

ಆ ಕೊನೆಯ ಮಾತನ್ನು ಅವರು ಕೊಂಚವೂ ಏರಿಸದ ದನಿಯಲ್ಲಿ ಹೇಳಿದರು. ಬಯ್ದಿದ್ದರೆ ಎಷ್ಟೋ ವಾಸಿ ಇತ್ತು.

“ತಿರುಗಿಸು ವಾಪಸ್ಸು. ಬೇಗ. ಬರ್ತಿದ್ದಾಳೆ.”

ಗಿಳಿ ತಿರುಗಿಸಿದ. ಈ ಸಲ ಒಂದೇ ಏಟಿಗೆ ಆಗಲಿಲ್ಲ. ಮೀಟರು ಮೇಲೆ ಕೆಳಗೆ ಹುಡುಕಾಡಿ ಕೊನೆಗೆ 8.153ಕ್ಕೆ ನಿಂತಿತು. ಭಾವ ನೋಟ್‌ಬುಕ್ಕಿನಲ್ಲಿ ಆಗಷ್ಟೇ ಬರೆದಿದ್ದ ಸಾಲಿನ ಮೇಲೆ ಸ್ಕೇಲು ಇಟ್ಟು, ಕೆಳಗಿನ ಅಂಕಿ ಕಾಣುವಂತೆ ಒಂದೇ ಗೆರೆ ಎಳೆದು, ಪಕ್ಕದಲ್ಲಿ ಹೊಸ ಅಂಕಿ ಬರೆದು, ಸಣ್ಣದಾಗಿ ಸಹಿ ಹಾಕಿದರು. ಪರೀಕ್ಷಾ ಕೊಠಡಿಯಲ್ಲಿ ತಪ್ಪು ತಿದ್ದುತ್ತಿದ್ದದ್ದು ಹಾಗೆಯೇ, ಉಜ್ಜಿ ಅಳಿಸುವಂತಿಲ್ಲ.

ಅಕ್ಕ ಏದುಸಿರು ಬಿಡುತ್ತಾ ಬಾಗಿಲಲ್ಲಿ ನಿಂತಳು. “ಏನ್ರೀ ಅದು ಕೂಗು? ಜಿಗೀತಾ?”

“ಇಲ್ಲ ಕಣೇ,” ಎಂದರು ಭಾವ. “ಜಿಗಿದಂಗೆ ಕಾಣಿಸ್ತು. ಇವನು ಬಿಚ್ಚಿ ಎಲ್ಲ ನೋಡ್ದ. ಮೀಟರಲ್ಲಿ ಹೊಸ ಐಬೇನೂ ಇಲ್ಲ. ಯಾವತ್ತೂ ಇರಲಿಲ್ಲ.” ಅವರು ಪೆನ್ನಿನ ಕ್ಯಾಪು ಹಾಕಿದರು. “ನಾನೇ ಎರಡ್ಸಲ ಕಳೆದಿರಬೇಕು ಅವತ್ತು.”

ಅಕ್ಕ ಗಂಡನ ಮುಖ ನೋಡಿದಳು, ತಮ್ಮನ ಮುಖ ನೋಡಿದಳು. ಅವನ ಕೆಂಪು ಕಣ್ಣನ್ನು ಸ್ಪಿರಿಟ್ಟಿನ ಲೆಕ್ಕಕ್ಕೆ ಹಾಕಿಕೊಂಡಳೋ ಏನೋ. ಅವಳ ಭುಜ ಇಳಿಯಿತು. “ಅಬ್ಬಾ,” ಎಂದಳು. “ಇದೊಂದು ಮಾತು ಬಾಯಿಂದ ಬರೋಕೆ ಇಷ್ಟು ವರ್ಷ ಬೇಕಾಯ್ತಾ ನಿಮಗೆ? ನಾನು ಅವತ್ತೇ ಅಂದಿದ್ದೆ. ಯಾರು ತಪ್ಪು ಮಾಡಲ್ಲ ಹೇಳಿ?” ಗಂಡನ ಒದ್ದೆ ತಲೆಯನ್ನು ಸೆರಗಿನ ತುದಿಯಿಂದ ಒರೆಸಿದಳು. ಭಾವ ಕಣ್ಣು ಮುಚ್ಚಿ ಒರೆಸಿಸಿಕೊಂಡರು.

ಗಿಳಿ ಎಂಟು ತಿರುಪನ್ನೂ ಹಾಕಿ ಚೀಲ ಕಟ್ಟಿದ. ಊಟಕ್ಕೆ ನಿಲ್ಲು ಎಂದರೆ ಕೆಲಸವಿದೆ ಎಂದ. ಭಾವ ಕೂತಲ್ಲಿಂದಲೇ, “ಸರಿ, ಹೋಗಿ ಬಾ,” ಎಂದರು. ಮುಂದಿನ ಭಾನುವಾರದ ಮಾತು ಎತ್ತಲಿಲ್ಲ. ಅಕ್ಕ ಮಾತ್ರ ಗೇಟಿನವರೆಗೆ ಬಂದಳು. ಬೀದಿಯಲ್ಲಿ ಯಾರದೋ ಸೈಕಲ್ಲು ತಲೆಕೆಳಗಾಗಿ ನಿಂತು ಪಂಕ್ಚರ್ ಹಾಕಿಸಿಕೊಳ್ಳುತ್ತಿತ್ತು.

“ಇವತ್ತು ರಾತ್ರಿ ಇವರು ನಿದ್ದೆ ಮಾಡ್ತಾರೆ ನೋಡು,” ಎಂದಳು ಅಕ್ಕ, ಅವನ ಕೈ ಹಿಡಿದು. “ಇದೆಲ್ಲ ನಿನ್ನಿಂದಾನೇ ಆಗಿದ್ದು ಕಣೋ.”

“ಬರ್ತೀನಿ ಅಕ್ಕ,” ಎಂದ ಅವನು. ಅವಳು ಕೈ ಬಿಡುವ ತನಕ ನಿಂತಿದ್ದು, ಬಿಟ್ಟ ಮೇಲೆ ಹೊರಟ.